ದುರ್ಗ ಮೇಲೆ, ಊರು ಕೆಳಗೆ

ಬೆಳ್ಳಾವಿಯಲ್ಲಿ ಸಂತೆಯ ದಿನ ಹೊತ್ತು ಮೂಡುವ ಮೊದಲೇ ಜಾಗ ಹಿಡಿಯುವ ಗಡಿಬಿಡಿ ಶುರುವಾಗುತ್ತದೆ. ಗೋಣಿತಾಟು ಹಾಸಿ ನಾಲ್ಕು ಮೂಲೆಗೆ ಕಲ್ಲು ಹೇರಿದರೆ ಅಂಗಡಿ ಸಿದ್ಧ. ಹಗ್ಗದವನು ಕಣ್ಣಿ, ಮೂಗುದಾರ, ಬಾರುಕೋಲುಗಳನ್ನು ಗಳುವಿಗೆ ನೇತುಹಾಕುತ್ತಾನೆ. ಮಗ್ಗುಲಲ್ಲಿ ಹುಣಸೆಹಣ್ಣಿನ ಗುಡ್ಡೆ, ಅದರಾಚೆ ಒಣಮೆಣಸಿನಕಾಯಿ, ಇನ್ನೂ ಆಚೆ ಕುರಿಮರಿಗಳ ಅರಚಾಟ. ಬೋಂಡದ ಬಾಣಲೆಯಲ್ಲಿ ಎಣ್ಣೆ ಕಾಯುವ ಹೊತ್ತಿಗೆ ಸುತ್ತಲ ಹಳ್ಳಿಗಳಿಂದ ಲಗೇಜ್ ಆಟೋಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಸುಗ್ಗಿಯ ಕಾಲವಾದರೆ ಅವರೆಕಾಯಿಯದೇ ದರ್ಬಾರು.

"ಅಕ್ಕಡಿ ಸಾಲಿನ ಅವರೆ ಕಣಪ್ಪ, ಸೊಗಡು ಹೆಂಗೈತೆ ನೋಡು" ಎಂದು ಅಜ್ಜಿಯೊಬ್ಬಳು ಕಾಯಿ ಮುರಿದು ಗಿರಾಕಿಯ ಮೂಗಿನ ಹತ್ತಿರ ಹಿಡಿಯುತ್ತಾಳೆ.

"ಸೊಗಡೇನೋ ಐತೆ ಅಜ್ಜಿ, ರೇಟು ಒಂಚೂರು ನೋಡ್ಕೊಂಡು ಹೇಳು."

ರಾಗಿ ಹೊಲದಲ್ಲಿ ಇಷ್ಟಿಷ್ಟು ದೂರಕ್ಕೊಂದು ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಬಿತ್ತುವುದು ಇಲ್ಲಿನ ವಾಡಿಕೆ. ಅದೇ ಅಕ್ಕಡಿ ಸಾಲು. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆ ಉಳಿದೀತು, ಅವರೆಗೆ ಹುಳ ಬಿದ್ದರೂ ತೊಗರಿ ನಿಂತೀತು ಎಂಬ ಲೆಕ್ಕ. ಮಳೆಯನ್ನು ಪೂರ್ತಿ ನಂಬದ, ಪೂರ್ತಿ ಬಿಟ್ಟೂ ಕೊಡದ ಸೀಮೆಯ ಬೇಸಾಯ ಇದು. ಕೆಮ್ಮಣ್ಣಿನ ಹೊಲ, ತಗ್ಗಿನಲ್ಲಿ ಕೆರೆ, ಕೆರೆಯ ಕೆಳಗೆ ತೆಂಗು ಅಡಿಕೆಯ ತೋಟ. ತುಮಕೂರು ತಾಲ್ಲೂಕಿನ ಈ ಹೋಬಳಿ ಕೇಂದ್ರವನ್ನು ಚಿತ್ರದಲ್ಲಿ ಬರೆಯುವುದಾದರೆ ಇಷ್ಟು ಬಣ್ಣ ಸಾಕು.

ಬರೀ ಸಂತೆಯ ಊರೆಂದು ಬೆಳ್ಳಾವಿಯನ್ನು ಹಗುರವಾಗಿ ಎಣಿಸುವಂತಿಲ್ಲ. ಈ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿದರು. ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೇ ಎಂದು ಹಲವರು ಅನುಮಾನ ಪಡುತ್ತಿದ್ದ ಕಾಲದಲ್ಲಿ, 1918ರಲ್ಲಿ, ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರತಂದರು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರೂ ಅವರೇ. 1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'ಕ್ಕೆ ಮಾತು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ವಿಜ್ಞಾನ ಪತ್ರಿಕೆಗೂ ಮಾತಿನ ಚಿತ್ರಕ್ಕೂ ಹೆಗಲು ಕೊಟ್ಟ ಇಬ್ಬರ ಹೆಸರಿನಲ್ಲೂ ಈ ಸಂತೆಯ ಊರಿದೆ.

ಮಳೆ ಬಿಟ್ಟ ಮರುದಿನ ಆಕಾಶ ತೊಳೆದಿಟ್ಟಂತಿದ್ದರೆ ಮೂಡಲ ದಿಕ್ಕಿನಲ್ಲಿ ಬೆಟ್ಟಸಾಲು ನೀಲಿಯಾಗಿ ಕಾಣುತ್ತದೆ. ಅದು ದೇವರಾಯನದುರ್ಗ. ಈ ಕಡೆಯವರ ಬಾಯಲ್ಲಿ ಬರೀ ದುರ್ಗ. "ದುರ್ಗದ ಕಡೆ ಮೋಡ ಕಟ್ಟೈತೆ" ಎಂದರೆ ಒಕ್ಕಣೆ ಮಾಡುತ್ತಿದ್ದವರು ಕಣದ ಮೇಲೆ ಟಾರ್ಪಾಲು ಎಳೆಯುತ್ತಾರೆ.

ಬೆಟ್ಟ ಅಲ್ಲಿ, ಊರು ಇಲ್ಲಿ. ನಮಗೆ ಇದು ಸಹಜವಾಗಿ ಕಾಣುತ್ತದೆ. ಎಲ್ಲ ದೇಶದಲ್ಲೂ ಹೀಗಿಲ್ಲ. ಇಟಲಿಯ ನಡುಭಾಗದಲ್ಲಿ ಬೆಟ್ಟ ಕಂಡಲ್ಲೆಲ್ಲ ಅದರ ನೆತ್ತಿಯ ಮೇಲೊಂದು ಊರು ಕೂತಿದೆ. ಮನೆ, ಮಾರುಕಟ್ಟೆ, ಇಗರ್ಜಿ, ಬಾವಿ ಎಲ್ಲವೂ ಮೇಲೆಯೇ. ದಂಡೆತ್ತಿ ಬರುವವರ ಭಯಕ್ಕೆ, ತಗ್ಗಿನ ಜವುಗು ನೆಲದ ಮಲೇರಿಯಾಕ್ಕೆ ಹೆದರಿ ಜನ ಶತಮಾನಗಟ್ಟಲೆ ಬೆಟ್ಟದ ತಲೆಯ ಮೇಲೆ ಬದುಕಿದರು. ಬೆಳಿಗ್ಗೆ ಹೊಲಕ್ಕೆ ಇಳಿದು ಸಂಜೆ ಕೋಟೆಬಾಗಿಲೊಳಗೆ ಹತ್ತಿಕೊಳ್ಳುವುದು ಅವರ ದಿನಚರಿ.

ಒರ್ವಿಯೆಟೊ ಅಂಥದೊಂದು ಊರು. ಅದು ನಿಂತಿರುವುದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದುಕಲ್ಲಿನ ಮೇಲೆ. 1527ರಲ್ಲಿ ರೋಮ್ ಸೂರೆಯಾದಾಗ ಅಲ್ಲಿಗೆ ಓಡಿಬಂದ ಪೋಪ್ ಏಳನೆಯ ಕ್ಲೆಮೆಂಟ್, ಮುತ್ತಿಗೆ ಬಿದ್ದರೆ ಕುಡಿಯುವ ನೀರಿಗೆ ಏನು ಗತಿಯೆಂದು ಬಾವಿ ತೋಡಿಸಿದ. ಆಳ 53 ಮೀಟರ್. ಒಳಗೋಡೆಯ ಸುತ್ತ ಎರಡು ಸುರುಳಿ ಮೆಟ್ಟಿಲು, ಒಂದೊಂದಕ್ಕೂ 248 ಪಾವಟಿಗೆ. ನೀರು ತರಲು ಇಳಿಯುವ ಕತ್ತೆಯೂ ಹೊತ್ತು ಹತ್ತುವ ಕತ್ತೆಯೂ ಎದುರಾಗದಂತೆ ಆ ಏರ್ಪಾಡು. ಮೆದುಕಲ್ಲಾದ್ದರಿಂದ ತೋಡಲು ಸಾಧ್ಯವಾಯಿತು. ಅದೇ ಮೆದುತನ ಅಲ್ಲಿಗೆ ಹತ್ತಿರದ ಚಿವಿತಾ ದಿ ಬಾನ್ಯೊರೆಜಿಯೊ ಎಂಬ ಪುಟ್ಟ ಊರಿಗೆ ಮುಳುವಾಯಿತು. 1695ರ ಭೂಕಂಪದ ನಂತರ ಅದರ ಅಂಚು ಜರಿಯುತ್ತಲೇ ಬಂದಿದೆ. ಈಗ ಅಲ್ಲಿ ವಾಸ ಇರುವವರು ಬೆರಳೆಣಿಕೆಯ ಮಂದಿ. ಕಾಲುಸೇತುವೆ ಬಿಟ್ಟರೆ ದಾರಿಯಿಲ್ಲ.

ನಮ್ಮ ಕಲ್ಲು ಬೇರೆ ಜಾತಿಯದು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನಿಗಳು ಇದನ್ನು ಕರೆಯುವುದು: ಕ್ಲೋಸ್‌ಪೇಟೆ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಳೆಯದು. ರಾಮನಗರ, ಮಾಗಡಿ, ಶಿವಗಂಗೆ, ದೇವರಾಯನದುರ್ಗ, ಚನ್ನರಾಯನದುರ್ಗ, ಮಧುಗಿರಿ, ಪಾವಗಡ ಎಂದು ತೆಂಕಣದಿಂದ ಬಡಗಣಕ್ಕೆ ಒಂದೇ ಪಟ್ಟಿಯಾಗಿ ಎದ್ದು ನಿಂತಿದೆ. ಕುಣಿಗಲ್ ಸೀಮೆಯ ಹುತ್ರಿದುರ್ಗವೂ ಈ ಬಳಗದ್ದೇ. ಶಿವಗಂಗೆ, ದೇವರಾಯನದುರ್ಗ, ಮಧುಗಿರಿ ಮೂರೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲೆ ಕೂತಿರುವುದನ್ನು ನಕಾಶೆಯಲ್ಲಿ ನೋಡಿದರೆ ಬೆರಗಾಗುತ್ತದೆ. ಈ ಬಂಡೆ ಜರಿಯುವುದಿಲ್ಲ. ಆದರೆ ಇದರಲ್ಲಿ 53 ಮೀಟರ್ ಬಾವಿ ತೋಡಲು ಹಳಬರ ಉಳಿ ಸುತ್ತಿಗೆಗೆ ಸಾಧ್ಯವಿರಲಿಲ್ಲ. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಲ್ಲುವ ದೊಣೆಗಳು, ಕಟ್ಟಿಸಿದ ಕಲ್ಯಾಣಿಗಳು, ಇಷ್ಟೇ ಮೇಲಿನ ನೀರು. ಕಾವಲಿನ ಪಡೆಯೊಂದು ಮುತ್ತಿಗೆಯ ಕಾಲ ಕಳೆಯಲು ಅದು ಸಾಕು. ಸಂತೆ ನೆರೆಯುವ, ಮದುವೆ ಮುಂಜಿ ನಡೆಯುವ, ದನಕರು ಕಟ್ಟುವ ಊರಿಗೆ ಸಾಲದು. ಹಾಗಾಗಿ ನಮ್ಮ ಸೀಮೆಯಲ್ಲಿ ದುರ್ಗ ಮೇಲೆ ನಿಂತಿತು, ಊರು ಕೆಳಗೆ ಕೆರೆಯ ಮಗ್ಗುಲಲ್ಲಿ ಬೆಳೆಯಿತು. ದುರ್ಗದ ಚರಿತ್ರೆಯನ್ನು ಬರೀ ಕೋಟೆಗೋಡೆಯಲ್ಲಿ ಹುಡುಕಿದರೆ ಅರ್ಧವಷ್ಟೇ ಸಿಗುತ್ತದೆ. ಉಳಿದರ್ಧ ಬೆಳ್ಳಾವಿಯಂಥ ಊರುಗಳ ಕೆರೆ ತೂಬಿನಲ್ಲಿ, ಸಂತೆ ಬಯಲಿನಲ್ಲಿ ಇದೆ.

ತುಮಕೂರಿನಿಂದ ದುರ್ಗಕ್ಕೆ 15 ಕಿಲೋಮೀಟರಿನ ಆಸುಪಾಸು. ಊರು ದಾಟುತ್ತಿದ್ದಂತೆ ರಸ್ತೆ ಕಾಡಿನೊಳಗೆ ನುಗ್ಗುತ್ತದೆ. ಮಲೆನಾಡಿನ ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇದು ಕಾಡೆಂದು ಅನಿಸದೆಯೂ ಹೋಗಬಹುದು. ಕುರುಚಲು ಗಿಡ, ಬಂದ್ರೆ, ಕಗ್ಗಲಿ, ಸೀತಾಫಲ, ಮುತ್ತುಗ. ಬೇಸಿಗೆಯಲ್ಲಿ ಎಲೆಯುದುರಿ ಬೆಟ್ಟದ ಎಲುಬು ಕಾಣುತ್ತದೆ. ಮುಂಗಾರಿನ ಎರಡು ಹದ ಮಳೆ ಬಿದ್ದರೆ ಹದಿನೈದೇ ದಿನದಲ್ಲಿ ಬಂಡೆಯ ಸಂದಿಸಂದಿಯಲ್ಲೂ ಹಸಿರು. ಸುಮಾರು 42 ಚದರ ಕಿಲೋಮೀಟರಿನ ಈ ಕಾಯ್ದಿಟ್ಟ ಅರಣ್ಯದಲ್ಲಿ ಕರಡಿಯಿದೆ, ಚಿರತೆಯಿದೆ. ಹಳದಿ ಕೊರಳಿನ ಪಿಕಳಾರವೂ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲಿನಲ್ಲಿ ಮಾತ್ರ ಬದುಕುವ, ಜಗತ್ತಿನ ಬೇರೆಲ್ಲೂ ಸಿಗದ ಹಕ್ಕಿ ಅದು. ಅಳಿವಿನ ಅಂಚಿಗೆ ಜಾರಬಹುದಾದ ಹಕ್ಕಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಬರಡು ಗುಡ್ಡವೆಂದು ಯಾರಾದರೂ ಮೂಗು ಮುರಿದರೆ ನಾನು ಮೊದಲು ಹೇಳುವುದು ಈ ಹಕ್ಕಿಯ ಮಾತು. ಬರಡಾಗಿ ಕಾಣುವ ಈ ಗುಡ್ಡವೇ ಅದಕ್ಕೆ ಬೇಕು.

ದಾರಿಯಲ್ಲೇ ನಾಮದ ಚಿಲುಮೆ. ವನವಾಸದ ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಎಂಬುದು ಸ್ಥಳಪುರಾಣ. ಬಂಡೆಯಲ್ಲಿ ಒಂದು ಸಣ್ಣ ಕುಳಿ. ಬಗ್ಗಿ ನೋಡಿದರೆ ಒಳಗೆ ತಿಳಿನೀರು ಕದಲದೆ ನಿಂತಿದೆ. ಕೈಯದ್ದಿದರೆ ಮಧ್ಯಾಹ್ನದ ಬಿಸಿಲಲ್ಲೂ ತಣ್ಣಗೆ. ಮೊಗೆದಷ್ಟೂ ತುಂಬಿಕೊಳ್ಳುತ್ತದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ. ನಂಬಿಕೆಯವರು ರಾಮಬಾಣದ ಮಹಿಮೆ ಎನ್ನುತ್ತಾರೆ. ಕಲ್ಲು ಬಲ್ಲವರು ಬೇರೆ ಮಾತು ಹೇಳುತ್ತಾರೆ: ಮೇಲಿನ ಕಾಡಿನ ತರಗೆಲೆ, ಬೇರು, ಮಣ್ಣು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಂಡೆಯ ಬಿರುಕಿಗೆ ಇಳಿಸುತ್ತವೆ, ಇಳಿದ ನೀರು ತಪ್ಪಲಿನಲ್ಲಿ ದಾರಿ ಸಿಕ್ಕಲ್ಲಿ ಮೇಲೆ ಬರುತ್ತದೆ. ಎರಡು ಮಾತಿಗೂ ನನ್ನ ತಕರಾರಿಲ್ಲ, ಯಾಕೆಂದರೆ ಎರಡೂ ಈ ನೀರನ್ನು ಕೆಡಿಸಬಾರದೆಂದೇ ಹೇಳುತ್ತವೆ. ಚಿಲುಮೆಯ ಬಳಿ ಜಿಂಕೆವನವಿದೆ, ಹಳೆಯ ಅತಿಥಿಗೃಹವಿದೆ. 1930ರ ದಶಕದ ಕೊನೆಯ ಹೊತ್ತಿಗೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಈ ಕಾಡಿನಲ್ಲಿ ಬಿಡಾರ ಹೂಡಿದ್ದರು.

ಅಲ್ಲಿಂದ ಮುಂದೆ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ಬೆಟ್ಟದ ಮಟ್ಟಸವಾದ ಹೆಗಲಿನ ಮೇಲೆ ದೇವರಾಯನದುರ್ಗವೆಂಬ ಪುಟ್ಟ ಹಳ್ಳಿ, ಅದರ ನಡುವೆ ಭೋಗನರಸಿಂಹನ ಗುಡಿ. ದ್ರಾವಿಡ ಶೈಲಿಯ ಈ ಗುಡಿಯನ್ನು ಮೈಸೂರಿನ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದರೆಂದು ಹೇಳುತ್ತಾರೆ. ಗುಡಿಯ ಮುಂದೆ ತೇರು ಎಳೆಯುವಷ್ಟು ಅಗಲದ ಬೀದಿ, ಅಕ್ಕಪಕ್ಕ ಜಗುಲಿಯ ಮನೆಗಳು. ಇಟಲಿಯ ಬೆಟ್ಟದ ಊರಿಗೆ ಹೋಲಿಸಬಹುದಾದದ್ದು ಏನಾದರೂ ಈ ಸೀಮೆಯಲ್ಲಿ ಇದ್ದರೆ ಅದು ಈ ಒಂದು ಬೀದಿ. ಆದರೆ ಈ ಬೀದಿಯನ್ನು ಉಳಿಸಿಕೊಂಡು ಬಂದದ್ದು ಸಂತೆಯಲ್ಲ, ದೇವರು. ಪೂಜೆಯ ಮನೆತನಗಳು, ಹಣ್ಣುಕಾಯಿ ಅಂಗಡಿಗಳು, ಬಂದುಹೋಗುವ ಭಕ್ತರು. ಫಾಲ್ಗುಣ ಹುಣ್ಣಿಮೆಯ ತೇರಿಗೆ ಕೆಳಗಿನ ಊರುಗಳೆಲ್ಲ ಮೇಲೆ ಬರುತ್ತವೆ. ಕಾಡಿನಲ್ಲಿ ಮುತ್ತುಗದ ಕೆಂಪು ಹೂವು ಬಿರಿಯುವ ಕಾಲವೂ ಅದೇ. ತೇರಿಗೆ ಬಾಳೆಹಣ್ಣು ಎಸೆದು, ಪಾನಕ ಮಜ್ಜಿಗೆ ಕುಡಿದು, ಮಕ್ಕಳಿಗೊಂದು ಪೀಪಿ ಕೊಡಿಸಿ ಜನ ಇಳಿದುಹೋಗುತ್ತಾರೆ. ಮರುದಿನ ಬೀದಿ ಮತ್ತೆ ಖಾಲಿ.

ನೆತ್ತಿಯ ಕಡೆ ಯೋಗನರಸಿಂಹ. ಅಲ್ಲಿಗೆ ಮೆಟ್ಟಿಲು ಹತ್ತಬೇಕು. ದಾರಿಯುದ್ದಕ್ಕೂ ಕೋಟೆಯ ಅವಶೇಷ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆ, ಬಾಗಿಲಿನ ಚೌಕಟ್ಟು, ಅದರ ಮಗ್ಗುಲಲ್ಲಿ ಕಾವಲಿನವರು ಬೆನ್ನೊರಗಿಸಿ ಸವೆಸಿದ ಕಲ್ಲು. ಕೈಯಲ್ಲಿ ಕವರು ಕಂಡರೆ ಕೋತಿಗಳು ಬಿಡುವುದಿಲ್ಲ. ಪುರಾಣದಲ್ಲಿ ಇದು ಕರಿಗಿರಿ. ಜನರ ನೆನಪಿನಲ್ಲಿ ಮೊದಲು ಆನೆಬಿದ್ದಸರಿ, ಆನೆ ಬಿದ್ದ ಇಳಿಜಾರು. ಮುಂದೆ ಜಡಕ ಎಂಬ ಪಾಳೆಯಗಾರ ಇಲ್ಲಿ ನೆಲೆ ಮಾಡಿ ಜಡಕನದುರ್ಗವಾಯಿತು. ಅವನಿಂದ ದುರ್ಗವನ್ನು ಗೆದ್ದು ತನ್ನ ಹೆಸರು ನಿಲ್ಲಿಸಿದವನು ಚಿಕ್ಕದೇವರಾಜ ಒಡೆಯ. ಅವನ ಆಳ್ವಿಕೆ 1673ರಿಂದ 1704ರವರೆಗೆ.

ಆ ಮೂವತ್ತು ವರ್ಷ ಈ ಸೀಮೆಯ ಹಣೆಬರಹವನ್ನೇ ಬದಲಿಸಿತು. 1678ರಲ್ಲಿ ಮಧುಗಿರಿ ಮೈಸೂರಿನ ಕೈಸೇರಿತು. 1687ರ ಆಸುಪಾಸಿನಲ್ಲಿ ಮೊಘಲರ ಕೈಯಿಂದ ಮೂರು ಲಕ್ಷ ರೂಪಾಯಿಗೆ ಬೆಂಗಳೂರು ಬಂತು. ಒಂದೊಂದು ಗುಡ್ಡಕ್ಕೊಬ್ಬ ಪಾಳೆಯಗಾರ ಕೂತು ಕೆಳಗಿನ ಹಳ್ಳಿಗಳಿಂದ ಕಪ್ಪ ಎತ್ತುತ್ತಿದ್ದ ಕಾಲ ಮುಗಿಯುತ್ತ ಬಂತು. ಅಠಾರಾ ಕಚೇರಿ ಕಟ್ಟಿ ಲೆಕ್ಕಪತ್ರವನ್ನು ಬಿಗಿ ಮಾಡಿದ ಈ ಅರಸನ ತೆರಿಗೆ ರೈತರಿಗೆ ಹಗುರವೇನೂ ಆಗಿರಲಿಲ್ಲ. ತೆರಿಗೆಯ ವಿರುದ್ಧ ರೈತರು ಎದ್ದಾಗ ಅವನು ನಿಷ್ಠುರವಾಗಿಯೇ ಹತ್ತಿಕ್ಕಿದ. ಇಷ್ಟಾದರೂ ಒಂದು ಮಾತು ಹೇಳಲೇಬೇಕು. ದುರ್ಗಗಳೆಲ್ಲ ಒಂದೇ ಸಂಸ್ಥಾನಕ್ಕೆ ಸೇರಿದ ಮೇಲೆ ಬೆಟ್ಟಬೆಟ್ಟಗಳ ನಡುವಿನ ಕಾದಾಟ ಕಡಿಮೆಯಾಯಿತು. ಬೆಟ್ಟದ ಕೋಟೆಗೆ ಕೆಲಸ ಕಡಿಮೆಯಾದಂತೆ ಬಯಲಿನ ಸಂತೆಗೆ ಕೆಲಸ ಹೆಚ್ಚಿತು.

ಯೋಗನರಸಿಂಹನ ಗುಡಿಯ ಹಿಂದಿನ ಬಂಡೆಯ ಮೇಲೆ ನಿಂತರೆ ಗಾಳಿ ಪಂಚೆ ಸೆರಗುಗಳನ್ನು ಹಿಡಿದೆಳೆಯುತ್ತದೆ. ಸಮುದ್ರಮಟ್ಟದಿಂದ 3,940 ಅಡಿ ಎತ್ತರ. ಬಡಗಲಿಗೆ ಮಧುಗಿರಿಯ ಏಕಶಿಲೆ, ತೆಂಕಲಿಗೆ ಶಿವಗಂಗೆಯ ಕೊಂಬು. ಪಡುವಲಿಗೆ ತುಮಕೂರು ನಗರದ ಬಿಳಿ ಕಟ್ಟಡಗಳ ಹರವು, ಅದರಾಚೆ ಮಬ್ಬಿನಲ್ಲಿ ಬೆಳ್ಳಾವಿ ಗುಬ್ಬಿಗಳ ಬಯಲು. ಮಳೆ ಚೆನ್ನಾಗಿ ಆದ ವರ್ಷ ಆ ಬಯಲಿನಲ್ಲಿ ಕೆರೆಗಳು ಒಂದೊಂದಾಗಿ ಬಿಸಿಲಿಗೆ ಮಿಂಚುತ್ತವೆ. ಇಲ್ಲಿಂದ ನೋಡುವಾಗ ಸುಲಭವಾಗಿ ತಿಳಿಯುವ ಸಂಗತಿ ಒಂದಿದೆ, ಇಡೀ ದುರ್ಗದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದೂ ಅದೇ. ನಾವು ನಿಂತಿರುವುದು ನೀರಿನ ದಿಣ್ಣೆಯ ಮೇಲೆ. ಈ ಬೆಟ್ಟದ ತೆಂಕಣ ಮಗ್ಗುಲಿಗೆ ಬಿದ್ದ ಹನಿ ಶಿಂಷೆಯಾಗುತ್ತದೆ, ಬಡಗಣ ಮಗ್ಗುಲಿಗೆ ಬಿದ್ದದ್ದು ಜಯಮಂಗಲಿಯಾಗುತ್ತದೆ.

ಶಿಂಷೆ ಇಲ್ಲಿಂದ ಇಳಿದು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಗೆ ಬರುತ್ತದೆ. ಲಂಕೆಯಿಂದ ಹಿಂತಿರುಗುವಾಗ ಇಲ್ಲಿ ತಂಗಿದ್ದ ರಾಮ, ಸೀತೆಯ ಮಾತಿಗೆ ಈ ಹೊಳೆಗೆ ಏರಿ ಕಟ್ಟಿಸಿ ಕೆರೆ ಮಾಡಿದ ಎಂದು ಐತಿಹ್ಯ. ಚಿಲುಮೆಯಲ್ಲೂ ರಾಮ, ಕಡಬದಲ್ಲೂ ರಾಮ. ನೀರಿಲ್ಲದ ಸೀಮೆಯ ಜನ ದೇವರಿಂದ ಮೊದಲು ಮಾಡಿಸಿದ ಕೆಲಸ ನೀರಿನದೇ. ಕಡಬ ಹಳೆಯ ಊರೆಂಬುದಕ್ಕೆ ತಾಮ್ರಶಾಸನವೂ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ, ಒಂಬತ್ತನೆಯ ಶತಮಾನದ ಆರಂಭದ ಜೈನ ದತ್ತಿ ಶಾಸನ ಅಲ್ಲಿ ದೊರೆತಿದೆ. ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಈ ಅಣೆಕಟ್ಟಿನಲ್ಲಿ ನೀರು ಒಂದು ಮಟ್ಟ ಮುಟ್ಟಿದರೆ ಬಾಗಿಲು ಎತ್ತುವವರಿಲ್ಲದೆ ತಾನೇ ಹೊರಹರಿಯುವ ಸೈಫನ್ ಏರ್ಪಾಡಿದೆ. ಆಮೇಲೆ ಮದ್ದೂರು, ಮಳವಳ್ಳಿ ಸೀಮೆ ಹಾಯ್ದು ಶಿವನಸಮುದ್ರದ ಬಳಿ ಕಾವೇರಿಯ ಮಡಿಲು. ಹುಟ್ಟಿದಲ್ಲಿಂದ ಅಲ್ಲಿಗೆ 221 ಕಿಲೋಮೀಟರ್.

ಜಯಮಂಗಲಿಯ ದಾರಿ ಇದಕ್ಕೆ ವಿರುದ್ಧ. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳ ಮರಳಿನಲ್ಲಿ ಹರಿದು ಆಂಧ್ರದ ಹಿಂದೂಪುರದ ಕಡೆ ಉತ್ತರ ಪಿನಾಕಿನಿಯನ್ನು ಸೇರಿ ಕೊನೆಗೆ ನೆಲ್ಲೂರಿನ ಹತ್ತಿರ ಸಮುದ್ರ ಕಾಣುತ್ತದೆ. ಹೊಳೆಯ ಹೆಸರು ಈಗ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆಯ ಹುಲ್ಲುಗಾವಲಿಗೂ ಇದೆ: ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು. ಹೊಳೆಯಲ್ಲಿ ನೀರು ಕಾಣುವುದು ಮಾತ್ರ ಒಳ್ಳೆಯ ಮಳೆಯ ಕೆಲವು ವಾರ. ಒಂದೇ ಬಂಡೆಯ ಮೇಲೆ ಒಂದು ಮಾರು ಅಂತರದಲ್ಲಿ ಬಿದ್ದ ಎರಡು ಹನಿಗಳಲ್ಲಿ ಒಂದು ತಮಿಳುನಾಡಿನ ಪೂಂಪುಹಾರಿನ ಕಡಲಿಗೆ, ಇನ್ನೊಂದು ಆಂಧ್ರದ ಕಡಲಿಗೆ.

ಕೆರೆಗಳ ಸ್ಥಿತಿ ಬಯಲಿನವರಿಗೆ ಗೊತ್ತೇ ಇದೆ. ತುಮಕೂರು ನಗರಕ್ಕೆ ಈಗ ಕುಡಿಯುವ ನೀರು ಕೊಡುವುದು ದುರ್ಗದ ಹೊಳೆಯಲ್ಲ, ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆ ತುಂಬುವ ದೂರದ ಹೇಮಾವತಿ. ಹಳ್ಳಿಗಳ ಕಡೆ ಕೊಳವೆಬಾವಿಯ ಆಳ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಹೇಮಾವತಿಗಾಗಿ ಹೋರಾಡುವುದು ಸರಿಯೇ. ಆದರೆ ಕಣ್ಣೆದುರಿನ ಬೆಟ್ಟ ಹಿಡಿದುಕೊಡುವ ನೀರಿಗೆ ಒಂದು ಮಾತೂ ಆಡದಿರುವುದು ಸರಿಯಲ್ಲ. ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿಯ ತುಂಡಿಗೆ ಬಾದೆಹುಲ್ಲು ಹೊತ್ತಿ ಗುಡ್ಡ ಉರಿದರೆ ಸುಟ್ಟುಹೋಗುವುದು ಬರೀ ಹುಲ್ಲಲ್ಲ. ಮಳೆನೀರನ್ನು ಕಲ್ಲಿನ ಬಿರುಕಿಗೆ ಇಳಿಸುತ್ತಿದ್ದ ತರಗೆಲೆಯ ಹೊದಿಕೆಯೂ ಹೋಗುತ್ತದೆ. ಮುಂದಿನ ಮಳೆಗೆ ಮಣ್ಣು ಕೊಚ್ಚಿ ಕೆರೆಗೆ ಹೂಳಾಗುತ್ತದೆ. ಬೆಟ್ಟದ ಮೇಲಿನ ಬೆಂಕಿಯ ಲೆಕ್ಕವನ್ನು ಕೆಳಗಿನ ತೋಟದವನು ಕಟ್ಟಬೇಕಾಗುತ್ತದೆ.

ದುರ್ಗಕ್ಕೆ ಹೋಗುವವರಲ್ಲಿ ಒಂದೆರಡು ಕೋರಿಕೆ. ಬೇಸಿಗೆಯಲ್ಲಿ ಹೋದರೆ ಕಾಡಿನ ಅಂಚಿನಲ್ಲಿ ಒಲೆ ಹೂಡಬೇಡಿ, ಬೀಡಿ ಸಿಗರೇಟು ಎಸೆಯಬೇಡಿ. ಚಿಲುಮೆಯ ನೀರಿಗೆ ನಾಣ್ಯ, ಹೂವು, ಕುಂಕುಮ ಹಾಕಬೇಡಿ. ಕೋತಿಗೆ ತಿಂಡಿ ಕೊಡಬೇಡಿ, ಒಯ್ದ ಬಾಟಲಿಯನ್ನು ಮನೆಗೇ ತನ್ನಿ. ಕತ್ತಲಾದ ಮೇಲೆ ಆ ರಸ್ತೆ ಕರಡಿ ಚಿರತೆಗಳದು, ಹೊತ್ತಿರುವಾಗಲೇ ಇಳಿಯಿರಿ. ಬಿಡುವಿದ್ದರೆ ಬೆಳ್ಳಾವಿಯ ಸಂತೆಗೂ ಬನ್ನಿ, ಅವರೆಯನ್ನು ಚೌಕಾಸಿ ಮಾಡಿಯೇ ಕೊಳ್ಳಿ.